ಷರಾ

ಬ್ಯಾಸಗ್ಯಾಗ ಹಿನ್ನೀರು ಹಿಂದ ಸರದಾಗ
ಹಳೇ ಬಾಗಲಕೋಟಿಯೊಳಗ ನಮ್ಮ ಓಣಿ ಮ್ಯಾಲ ಬರತೈತಿ:
ಮೊದಲ ಗ್ವಾಡಿ ತುದಿ, ಆಮ್ಯಾಲ ಕಟ್ಟಿ,
ರಾಡಿ ಒಣಗಿ ಬಿರಕ ಬಿಟ್ಟ ಮ್ಯಾಲ ಹೊಸ್ತಲ.
ಹೊಸ್ತಲಕ್ಕ ಬಾಗಲಾ ಇಲ್ಲ.
ಊರು ಬಿಡೂ ಮುಂದ ಎಲ್ಲಾರೂ ಚೌಕಟ್ಟ ಸಮೇತ ಕಿತ್ತು
ಟ್ರ್ಯಾಕ್ಟರಿಗೆ ಹೇರಿದ್ರು,
ತೊಲಿ, ಜಂತಿ, ತೊಟ್ಟಿಲದ ಕೊಂಡಿ ಸುದ್ದಾ.
ನಾ ಮೀಟರ ಬಿಚ್ಚಿದೆ.

ಐತವಾರ ನವನಗರದಿಂದ ಮೂರು ಹುಡುಗರು ಬಂದಿದ್ರು,
ಬೆನ್ನಿಗೆ ಚೀಲ, ಕೈಯಾಗ ಕ್ಯಾಮೆರಾ.
ಮನಿ ಎಲ್ಲಿ ಅಂದ್ರ ಸೆಕ್ಟರ ನಂಬರ ಹೇಳೂ ಹುಡುಗರು.
"ಕಾಕಾ, ಇಲ್ಲಿ ದೆವ್ವ ಅದಾವಂತ, ಖರೇನ?"
"ನನಗ ಗೊತ್ತಿದ್ದದ್ದು ರೀಡಿಂಗ ಅಷ್ಟ ತಮ್ಮಾ.
ಇಪ್ಪತ್ತಾರು ವರ್ಷ ಈ ಓಣಿ ಮೀಟರ ಓದೇನಿ.
ಬರ್ರಿ.
ಕಾಲಾಗ ಹುಷಾರ, ಅಲ್ಲೊಂದು ಹಗೇವು ಇತ್ತು."

ಇದು ಫಕೀರಪ್ಪ ನೀಲಗಾರನ ಮನಿ.
ಬಣ್ಣದ ಹರವಿ ಹುಗದ ಕುಣಿ ನೋಡ್ರಿ,
ಇಷ್ಟು ವರ್ಷ ನೀರು ತಿಕ್ಕಿ ತೊಳದ್ರೂ
ಅಂಚಿಗೆ ಇನ್ನಾ ನೀಲಿ.
ತಿಂಗಳಿಗೆ ಒಂಬತ್ತು ಯುನಿಟ್ಟ, ಹೆಚ್ಚಂದ್ರ ಹನ್ನೊಂದು.
ಒಂದ ಮಾರ್ಚದಾಗ ಮಾತ್ರ ಮೂವತ್ತೆರಡು.
"ಲಗ್ನ ಏನ್ರಿ?" ಅಂದ ಕ್ಯಾಮೆರಾ ಹಿಡದಾಂವ.
ಅಲ್ಲ. ನಡುವಿನ ಮಗಳು ಮ್ಯಾಟ್ರಿಕ್ ಕುಂತಿದ್ಲು.

ಎದುರಿಂದು ಚಂಪಾಲಾಲ ಮೂಥಾಂದು, ಎರಡಂತಸ್ತು.
ಓಣಿಗೆ ಮೊದಲನೇ ಫ್ರಿಜ್ಜು ಅವರ ಮನ್ಯಾಗ.
ಏಪ್ರಿಲ್ ಬಂತಂದ್ರ ಅವರ ಬಿಲ್ಲ ಏರೂದು,
ಏರಿದ್ದರಾಗ ಅರ್ಧಾ ನಮ್ಮ ಹುಡುಗರ ನೀರಡಿಕಿ;
ಬರ್ಫ ಬೇಡಾಕ ಬಟ್ಟಲಾ ಹಿಡದು
ಈ ಪಾವಟಿಗಿ ಮ್ಯಾಲ ಪಾಳಿ.
ಸೇಠಾಣಿ ಬೈತಿದ್ಲು, ಕೊಡತಿದ್ಲು.
ಈಗ ಪಾವಟಿಗಿ ಏಳು ಅದಾವ, ಎಂಟನೇದು ಆಕಾಶ.

ಮೂಲ್ಯಾಗ ದಾದಾಪೀರ ಅತ್ತಾರ.
ರಂಜಾನದಾಗ ನಸಿಕಿನ್ಯಾಗ ಹಚ್ಚಿದ ದೀಪ ಬಿಲ್ಲಿನ್ಯಾಗ ಕಾಣೂದು.
ಹೆಂಡತಿ ಸತ್ತ ವರ್ಷ ಅದೂ ಕಾಣಲಿಲ್ಲ.

ಹುಡುಗರು ಬರಕೊಳ್ಳಾಕ ಹತ್ತಿದ್ರು. ನನಗೂ ಹುರುಪು ಬಂತು.
ಹೋಳಿ ಹಲಗಿ ಎಲ್ಲಿಂದ ಎಲ್ಲಿಗೆ ಹೋಗತಿತ್ತು,
ಆಕಡ ಹಾಕಿ ಕರೆಂಟ ಕದ್ದವರು ಯಾರು,
ಹೆಸರ ಹೇಳಲಿಲ್ಲ, ಒಬ್ಬಾಂವ ಈಗ ಮೆಂಬರ ಆಗ್ಯಾನ,
ಎಲ್ಲಾ ಹೇಳಕೋತ ಬಂದು
ಒಂದು ಸಣ್ಣ ಮನಿ ಮುಂದ ಸುಮ್ಮನಾದೆ.

"ಇದು ಯಾರದ್ರಿ?"

ಸಕ್ರೆವ್ವ ಹಂಡರಗಲ್ಲ. ಖಣದ ಮಗ್ಗ ಒಂದು, ಬಲ್ಬ ಒಂದು.
ನಾಕು ತಿಂಗಳಾ ಬಿಲ್ಲ ಬಾಳ ಬಂತು.
"ಉರಿಸಿಲ್ಲೋ ಎಪ್ಪಾ," ಅಂದ್ಲು.
"ಮೀಟರ ಸುಳ್ಳ ಹೇಳಂಗಿಲ್ಲವಾ," ಅಂದೆ.
"ಹಂಗಾದ್ರ ನಾ ಹೇಳತೇನೇನು?"
ಕೇಳಿದ್ಲು, ಉತ್ತರಕ್ಕ ನಿಲ್ಲಲಿಲ್ಲ.
ಮೂರು ಕಂತಿನ್ಯಾಗ ತುಂಬಿದ್ಲು,
ರಸೀದಿ ಒಂದೊಂದೂ ತಂತಿಗೆ ಚುಚ್ಚಿ
ನನಗ ಕಾಣೂ ಹಂಗ ಬಾಗಲದಾಗ ತೂಗಹಾಕಿದ್ಲು.

ಓಣಿ ಖಾಲಿ ಆದ ಮ್ಯಾಲ
ಆ ಮೀಟರ ಸ್ಟೋರಿನ್ಯಾಗ ಟೇಬಲ್ ಮ್ಯಾಲ ಹಚ್ಚಿ ನೋಡಿದೆ.
ಬಲ್ಬ ಇಲ್ಲ, ಮಗ್ಗ ಇಲ್ಲ, ಮನೀನ ಇಲ್ಲ,
ಒಳಗಿನ ತಗಡಿನ ಚಕ್ರ ತಾನ ತಿರಗತಿತ್ತು,
ಸಾವಕಾಶ, ನಾಚಿಗಿ ಇಲ್ಲದ.
ರಜಿಸ್ಟರದಾಗ ಷರಾ ಬರಿಯೂ ಕಡೆ
"ಸರಿ ಇದೆ" ಅಂತ ಬರದು ಸಹಿ ಮಾಡಿದೆ.

ಹುಡುಗರಿಗೆ ಇದನ್ನ ಹೇಳಲಿಲ್ಲ.
ಗ್ವಾಡಿಗೆ ಮೀಟರ ಇದ್ದ ಜಾಗಾ ಇನ್ನಾ ಬ್ಯಾರೇ ಬಣ್ಣ,
ನಾಕು ಸ್ಕ್ರೂ ತೂತು,
ಒಂದರಾಗ ಕಣಜದ ಹುಳ ಮಣ್ಣಿನ ಗೂಡು ಕಟ್ಟೇತಿ.
ಹುಡುಗ ಅದರ ಫೋಟೋ ತಗದ.
"ಇಲ್ಲಿ ಎಷ್ಟ ಯುನಿಟ್ಟ ಕಾಕಾ?"
"ನೆನಪಿಲ್ಲ."

ಮೂವತ್ತೇಳನೇ ಸೆಕ್ಟರದಾಗ ಇರತಾಳ ಆಕಿ.
ಹೊಸ ಮೀಟರ, ಚಕ್ರ ಇಲ್ಲ, ಕೆಂಪು ದೀಪ ಮಿಣಕತೈತಿ.
ಎರಡ ಸಲ ಹೋಗಿ ಅದನ್ನಷ್ಟ ನೋಡಿ ಬಂದೇನಿ.
ಎರಡೂ ಸಲ
ಬಾಗಲಾ ತೆರದ ಇತ್ತು.