ನಡಾವಳಿ

ಮಾಚೇನಹಳ್ಳಿ ಫೌಂಡ್ರಿಯ ಮಹಡಿಯ ಮೇಲೆ
ಸೋಮವಾರ ಸೋಮವಾರ ಹತ್ತೂವರೆಗೆ
ಹದಿನಾಲ್ಕು ಮಂದಿ ಮೇಜಿನ ಸುತ್ತ ಕೂತು
ಸೋಮವಾರವನ್ನು ನಿಧಾನಕ್ಕೆ ಕೊಲ್ಲುತ್ತಿದ್ದೆವು.

ನಡಾವಳಿ ಬರೆಯುವವಳು ನಾನು.
ಹಸಿರು ರಟ್ಟಿನ ಪುಸ್ತಕ, ಎಡಕ್ಕೊಂದು ಕೆಂಪು ಗೆರೆ.
'ಚರ್ಚಿಸಲಾಯಿತು' ಎಂಬುದನ್ನು
ಎರಡು ವರ್ಷದಲ್ಲಿ ಎಷ್ಟು ಸಲ ಬರೆದಿದ್ದೇನೆಂದರೆ
ಕೈ ತಾನೇ ಬರೆದುಕೊಳ್ಳುತ್ತದೆ, ನಾನು ಕಿಟಕಿಯಲ್ಲಿ
ಭದ್ರಾವತಿ ರಸ್ತೆಯ ಲಾರಿ ಎಣಿಸಬಹುದು.
ಚರ್ಚಿಸಲಾಯಿತು. ಗಮನಿಸಲಾಯಿತು. ಮುಂದೂಡಲಾಯಿತು.
ಕರ್ತೃವೇ ಇಲ್ಲದ ಕ್ರಿಯಾಪದಗಳು.
ಯಾರು ಮಾಡಿದ್ದು ಎಂದು ಯಾರಾದರೂ ಕೇಳಿದರೆ
ಗೋಡೆಯ ಗಡಿಯಾರವನ್ನು ತೋರಿಸಬೇಕು.

ಆ ತಿಂಗಳು ವಿಷಯ ಒಂದೇ: ತೂತು.
ಪಂಪಿನ ಹೌಸಿಂಗು ನೂರಕ್ಕೆ ಹನ್ನೊಂದು ವಾಪಸ್ಸು,
ಎರಕದ ಮೈಯೊಳಗೆ ಗಾಳಿಗುಳ್ಳೆ,
ಮುರಿದು ನೋಡಿದರೆ ತಂಗಳ ಇಡ್ಲಿ.
ರೋಷನ್ ಡಿಸಿಲ್ವ ಗಿರಾಕಿಯ ಪತ್ರ ಓದಿದರು,
ಸಿಟ್ಟಿನ ಸಾಲನ್ನು ಎರಡು ಸಲ.
ವಾಮನಮೂರ್ತಿಗಳು ಗೋಡೆಗೆ ಬೆಳಕು ಬಿಟ್ಟು
ನಲವತ್ತೊಂದು ಚಿತ್ರ ಸರಿಸಿದರು,
ಮೀನಿನ ಮುಳ್ಳಿನಂಥದೊಂದು ನಕ್ಷೆ,
ಮುಳ್ಳಿಗೊಂದು ಕಾರಣ;
ಮೀನು ಮಾತ್ರ ಸಿಗಲಿಲ್ಲ.
ಕುಲುಮೆಯ ಮೇಸ್ತ್ರಿ ಹುಚ್ಚಪ್ಪನವರದು
ಎಂದಿನಂತೆ ಬಾಗಿಲ ಪಕ್ಕದ ಕುರ್ಚಿ,
ಅರ್ಧ ಕೂತು ಅರ್ಧ ಎದ್ದು.
'ನೀವೇನಂತೀರಿ?'
'ನೀವು ಅಂದಂಗೇ, ಸಾರ್.'
ಬಿಸ್ಕತ್ತಿನ ತಟ್ಟೆ ಬರಿದಾಗಲು ಸಭೆ ಮುಗಿಯಿತು.
ಚರ್ಚಿಸಲಾಯಿತು.

ಮುಂದಿನ ವಾರ ಕೋಣೆಗೆ ಸುಣ್ಣ.
ಕುರ್ಚಿಯ ಮೇಲೆ ಕುರ್ಚಿ, ಮೇಜಿಗೆ ಹಳೇ ಪೇಪರು,
ಹೋಗಲು ಜಾಗವಿಲ್ಲದೆ ಕೆಳಗಿಳಿದೆವು,
ಕುಲುಮೆಯಿಂದ ಹತ್ತು ಹೆಜ್ಜೆಗೆ
ನೆಂಟರ ಮನೆಯಂಗಳದಲ್ಲಿ ನಿಂತವರ ಹಾಗೆ ನಿಂತೆವು.
ಹುಚ್ಚಪ್ಪನವರು ಅಲ್ಲಿ ಪೂರಾ ನಿಂತಿದ್ದರು.
'ಒಂಬತ್ತು ನಿಮಿಷ ಸಾರ್. ಆಮೇಲೆ ಹುಯ್ಯಬೇಕು.
ಆರಿದ್ರೆ ನನ್ನ ಕೇಳಬ್ಯಾಡಿ.'

ಆ ಗದ್ದಲದಲ್ಲಿ ಕೂಗದೆ ಮಾತು ಮುಟ್ಟದು,
ಕೂಗಿ ಹೇಳುವಾಗ ಯಾರ ಬಾಯಲ್ಲೂ
'ಆ ದೃಷ್ಟಿಯಿಂದ ನೋಡಿದಾಗ' ಬರುವುದಿಲ್ಲ.
ರೋಷನ್ ಪತ್ರವನ್ನು ಒಂದೇ ಮಾತಿಗಿಳಿಸಿದರು: 'ತೂತು!'
ಅಲ್ತಾಫ್ ಫೋನನ್ನು ಜೇಬಿಗಿಳಿಸಿದ.
ನಾವು ನಿಂತದ್ದು ಜಮಲಿಬಾಯಿಯ ಮರಳಿನ ದಾರಿಗೆ ಅಡ್ಡ.
ಗಾಡಿ ನಿಲ್ಲಿಸಿಕೊಂಡು ಕಾದಳು, ಕೇಳಿಸಿಕೊಂಡಳು,
ಕಾಯುವುದು ಸಾಕೆನಿಸಿತೋ ಏನೋ,
ಶಿಕಾರಿಪುರದ ಕಡೆಯ ತಾಂಡಾದ ದನಿಯಲ್ಲಿ ಅಂದಳು:
'ರಾತ್ರಿ ಮರಳು ಹಸಿ ಇರ್ತೈತಿ.
ಕಲಸೋ ಮಿಷಿನ್ನಿನ ವಾಲ್ವು ಸೋರ್ತೈತಿ.
ಹಗಲು ನಾನು ಸೈಕಲ್ ಟ್ಯೂಬು ಬಿಗೀತೀನಿ,
ರಾತ್ರಿಯೋರಿಗೆ ಗೊತ್ತಿಲ್ಲ.'

ಎಂದಿನಿಂದ?
'ದೀಪಾವಳಿಗೂ ಮೊದ್ಲಿಂದ.'
ಮತ್ತೆ ಹೇಳಲಿಲ್ಲ ಯಾಕೆ?
ಆಕೆ ಮಹಡಿಯ ಕಡೆ ಒಮ್ಮೆ ನೋಡಿದಳು.
'ಆ ಮೆಟ್ಲು ನಾನು ಒರೆಸಾಕಷ್ಟೇ ಹತ್ತೀನಿ.'

ಕುಲುಮೆಯದೊಂದೇ ಸದ್ದು.
ವಾಮನಮೂರ್ತಿಗಳು, ಕೆಟ್ಟವರೇನಲ್ಲ ಅವರು,
ಸೀಮೆಸುಣ್ಣ ಇಸಿದುಕೊಂಡು ಅಚ್ಚಿನ ಪೆಟ್ಟಿಗೆಯ ಮೇಲೆ
ಬಗ್ಗಿ ಬರೆದರು: ವಾಲ್ವು. ಅಲ್ತಾಫ್. ಬುಧವಾರ.
ಮೂರೇ ಮಾತು. ನಾನು ಹಾಗೇ ಇಳಿಸಿಕೊಂಡೆ.
ಪುಸ್ತಕದ ಕೆಂಪು ಗೆರೆಯ ಪಕ್ಕದಲ್ಲಿ
ಮೊದಲ ಸಲ ಒಬ್ಬ ಮನುಷ್ಯ.
'ಸರೀರಿ, ಸರೀರಿ' ಎಂದರು ಹುಚ್ಚಪ್ಪನವರು,
ಬಾನಿ ವಾಲಿತು,
ಎಲ್ಲರ ಮುಖವೂ ಒಂದೇ ಬಣ್ಣವಾಯಿತು.

ಹನ್ನೊಂದು ನಾಲ್ಕಕ್ಕೆ ಇಳಿದಿದೆ.
ಆ ನಾಲ್ಕು ಯಾಕೆಂದು ಇನ್ನೂ ಗೊತ್ತಿಲ್ಲ.
ಸುಣ್ಣ ಒಣಗಿತು, ಮೇಜು ಒಳಗೆ ಹೋಯಿತು,
ನಾವೂ ಹೋದೆವು, ಬಿಸ್ಕತ್ತೂ ಬಂತು.
ಜಮಲಿಬಾಯಿಗೊಂದು ಕುರ್ಚಿ ಹಾಕಿಸಿದ್ದಾರೆ,
ಕೆಲವು ವಾರ ಬರುತ್ತಾಳೆ,
ಕೆಲವು ವಾರ ಮರಳು ಬಿಡುವುದಿಲ್ಲ.
ನಾನು ಈಗ 'ಚರ್ಚಿಸಲಾಯಿತು' ಬರೆಯುವ ಮೊದಲು
ಪೆನ್ನೆತ್ತಿ ಕೇಳುತ್ತೇನೆ: ಯಾರು? ಯಾವತ್ತು?
ಕೇಳಿದ ಕೂಡಲೇ ಹದಿನಾಲ್ಕೂ ಮಂದಿ
ಅರ್ಧ ಕೂತು ಅರ್ಧ ಎದ್ದವರಾಗುತ್ತಾರೆ.
ಹುಚ್ಚಪ್ಪನವರು ಗಡಿಯಾರ ನೋಡುವುದಿಲ್ಲ;
ಕಿಟಕಿಯಲ್ಲಿ ಬಗ್ಗಿ ಹೊಗೆಯ ಬಣ್ಣ ನೋಡಿ
'ಎರಡು ನಿಮಿಷ ಐತೆ' ಅನ್ನುತ್ತಾರೆ.