ನೀಲಿ ನಲ್ಲಿ

ಬಂದ ದಿನವೇ ಕೈ ಸುಟ್ಟುಕೊಂಡೆ.
ನೀಲಿ ಗುರುತಿನ ನಲ್ಲಿಯಲ್ಲಿ ಕುದಿನೀರು.
ಜುಲೈ ತಿಂಗಳು, ಮಸ್ಕತ್ತಿನ ರೂವಿ, ಮೂರನೇ ಮಹಡಿ,
ತಾರಸಿಯ ಮೇಲೆ ಬಿಸಿಲಿಗೆ ಕೂತ ಟ್ಯಾಂಕು.
"ಕೆಂಪು ತಿರುಗಿಸು" ಎಂದಳು ಜಿನ್ಸಿ ಬಾಗಿಲಾಚೆಯಿಂದ,
"ಗೀಸರ್ ಆರಿಸಿಟ್ಟಿದ್ದೇವೆ, ತಣ್ಣೀರಿರುವುದು ಅದರೊಳಗೆ."

ಹೀಗೆ ಒಂದೊಂದೇ ತಿರುಗುಮುರುಗು ಕಲಿತೆ.
ಭಾನುವಾರ ಏಳೂವರೆಗೆ ಕ್ಲಿನಿಕ್ಕಿನ ವ್ಯಾನು;
ಪ್ರಾರ್ಥನೆ ಶುಕ್ರವಾರ, ಕನ್ನಡಕ್ಕೆ ಒಂದು ಗಂಟೆ,
ಆಮೇಲೆ ಅದೇ ಕೋಣೆಗೆ ತಮಿಳರು.
ಫೈಲು ತೆರೆಯುವುದು ಹಿಂದಿನಿಂದ.
ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಬೇಕು,
ಇದನ್ನಿನ್ನೂ ಕುತ್ತಿಗೆ ಕಲಿತಿಲ್ಲ.

ಒಂದು ಮಧ್ಯಾಹ್ನ ಹಲ್ಲುನೋವಿನ ಅಜ್ಜಿಯೊಬ್ಬಳು
ಕೆನ್ನೆಗೆ ಸೆರಗೊತ್ತಿ, ಗೋಡೆ ಹಿಡಿದು ಕೇಳಿದಳು:
"ಕುರ್ಸಿ?"
ಅರೇ, ಇದು ನಮ್ಮ ಹುಮನಾಬಾದಿನ ಮಾತು!
ಓಡಿಹೋಗಿ ಎಳೆದು ತಂದೆ.
ಕೈ ತೊಳೆಯುವ ಮುಂದೆ "ಸಾಬೂನ್" ಎಂದಳು,
ಅದನ್ನೂ ಕೊಟ್ಟೆ.
ಆಮೇಲೆ ಅವಳಾಡಿದ ಉದ್ದನೆಯ ಮಾತಿನಲ್ಲಿ
ನನ್ನದೆನ್ನುವ ಒಂದು ಪದವೂ ಸಿಗಲಿಲ್ಲ.
ಸುಮ್ಮನೆ ತಲೆಯಾಡಿಸುತ್ತ ನಿಂತೆ.
ಅವಳಿಗೆ ಅಷ್ಟು ಸಾಕಿತ್ತೋ ಏನೋ,
ಹೇಳುತ್ತಲೇ ಹೋದಳು.

ರಾತ್ರಿ ಅವ್ವನ ಫೋನು:
"ಅಲ್ಲಿ ಬಿಸಿನೀರಿಗೇನು ತ್ರಾಸಿಲ್ಲ, ಹೌದಿಲ್ಲ?"
ನಗು ನುಂಗಲು ಹೋಗಿ ಕೆಮ್ಮಿದೆ.
ನೆಗಡಿಯೆಂದುಕೊಂಡಳು.
"ತಣ್ಣೀರಾಗ ತಲಿ ತೊಳಕೋಬ್ಯಾಡ ಮತ್ತ."
ಇಲ್ಲವ್ವಾ, ಎಂದೆ.

ತಣ್ಣೀರು ಇರುವುದು ಹೊತ್ತಿಗೊಂದೇ ಗೀಸರಿನಷ್ಟು.
ನಾಲ್ವರು ಹಂಚಿಕೊಳ್ಳುತ್ತೇವೆ.
ಹೊಸಬಳು ನಾನು,
ನನ್ನ ಪಾಳಿ ಕೊನೆಗೆ.