ಈಗ ಅಂದ್ರ ಎಷ್ಟೊತ್ತು

ಜೂನ್ ತಿಂಗಳ ಮೊದಲ ಸೋಮವಾರ
ಬಾಗಿಲ ಚೌಕಟ್ಟು ಹಿಡಿದು ನಿಂತಾಂವ ಗುರಸಿದ್ದ.
ಬೆರಳು ಒಂದೊಂದಾಗಿ ಬಿಡಿಸಿದೆ;
ಐದನೇದು ಬಿಡಿಸೂದರೊಳಗ
ಮೊದಲನೇದು ಮತ್ತ ಅಂಟಿಕೊಂಡಿತ್ತು.
ಓಣಿ ತಿರುವಿನಾಗ ಅವರವ್ವನ ಸೆರಗು ಮರೆ ಆತು.
"ಈಗ ಬರ್ತಾಳ ನಿಮ್ಮವ್ವ, ಈಗ ಬರ್ತಾಳ," ಅಂದೆ.
ಇಪ್ಪತ್ತೆರಡು ವರ್ಷದಿಂದ ಇದನ್ನ ಅಂತ ಬಂದೀನಿ,
ಹಾಜರಿ ಪುಸ್ತಕಕ್ಕಿಂತ ಮೊದಲು
ನಾ ತೆರೆಯೋ ಸುಳ್ಳು.

ಗುಳೇದಗುಡ್ಡದ ಈ ಓಣಿಯೊಳಗ
ಎಡಕ್ಕೊಂದು ಮಗ್ಗ, ಬಲಕ್ಕೊಂದು ಮಗ್ಗ,
ನಮ್ಮ ಅಂಗನವಾಡಿ ಗೋಡಿಗೆ ಬೆನ್ನು ಕೊಟ್ಟು ಇನ್ನೊಂದು.
ನಾ "ಅ" ಅಂದ್ರ ಅದು "ಖಟ್" ಅಂತೈತಿ,
ನಾ "ಆ" ಅಂದ್ರ "ಪಟ್".
ಹುಡುಗ್ರು ಎರಡನ್ನೂ ಕಲತ್ವು.
ಅ ಖಟ್, ಆ ಪಟ್, ಇ ಖಟ್…
ತಪಾಸಣಿಗೆ ಬಂದ ಸೂಪರ್‌ವೈಜರ್ ಬಾಯಾರು
ಇದ್ಯಾವ ವರ್ಣಮಾಲೆ ಅಂತ ಕೇಳಿದ್ರು.
ಈ ಓಣೀದು, ಅಂದೆ.

ಬಣ್ಣ ಕಲಸೂದಂತೂ ನನ್ನಿಂದ ಆಗೂದಲ್ಲ.
ಚಾರ್ಟ್ ಮ್ಯಾಲ ಕೋಲಿಟ್ಟು "ಕೆಂಪು" ಅಂದ್ರ
ಶಾಕಂಬರಿ ತಲಿ ಅಲ್ಲಾಡಸ್ತಾಳ:
"ಅದು ದಾಳಿಂಬ್ರ ಐತ್ರೀ ಬಾಯಿ.
ಕೆಂಪು ಬ್ಯಾರೆ, ಕಿರಮಂಜಿ ಬ್ಯಾರೆ."
ಅವರಪ್ಪ ನೂಲಿಗೆ ಬಣ್ಣ ಹಾಕಾಂವ,
ತೊಳದ್ರೂ ಹೋಗದ ನೀಲಿ ಕೈಯಾಗ
ಮಗಳ ಕೈ ಹಿಡಕೊಂಡು ಬರ್ತಾನ.
ಆ ಚಾರ್ಟ್ ಬರದಾಂವ ನಮ್ಮ ಓಣಿ ನೋಡಿಲ್ಲ.

ಮಣ್ಣೆತ್ತಿನ ಅಮಾಸಿಗೆ ಎರಿಮಣ್ಣು ತರಿಸಿದೆ.
ರಾಜೇಸಾಬನ ಎತ್ತಿಗೆ ಮೂರ ಕಾಲು.
ನಾಕನೇದು ಎಲ್ಲೋ ಅಂದ್ರ
"ಅದು ಮಕ್ಕೊಂಡೈತ್ರಿ."
ಗುರಸಿದ್ದ ಎತ್ತು ಮಾಡಲಿಲ್ಲ.
ಅಂಗೈಯಗಲ ಒಂದು ಬಾಗಿಲಾ ಮಾಡಿ
ಬಿಸಿಲಿಗೆ ಒಣಗಾಕಿಟ್ಟ.

ತಿಂಗಳಿಗೊಮ್ಮೆ ತೂಗತೀನಿ, ಅಳೀತೀನಿ,
ಎತ್ತರ ಎಷ್ಟು, ತೂಕ ಎಷ್ಟು,
ಎಲ್ಲಾ ಕೇಳತೈತಿ ಸರ್ಕಾರ ಕೊಟ್ಟ ಮೊಬೈಲು.
ಹುಸೇನಬಿ ತನ್ನ ತತ್ತಿಯ ಹಳದಿ ಕೊಟ್ಟು
ದಾನಮ್ಮನ ಬಿಳಿ ಇಸಗೊಂಡದ್ದು,
ವ್ಯಾಪಾರ ಮುಗದ ಮ್ಯಾಲೂ ಇಬ್ಬರೂ ಗೆಳತ್ಯಾರಾಗೇ ಉಳದದ್ದು,
ಅಂಗಿ ಗುಂಡಿ ಒಂದು ಮನಿ ತಪ್ಪಿದ್ರೂ
ದೀಪಾವಳಿ ಹೊತ್ತಿಗೆ ತಾವ ಹಾಕ್ಕೊಂಡದ್ದು,
ಇವಕ್ಕ ಅದರೊಳಗ ಜಾಗಾ ಇಲ್ಲ.

ಗುರಸಿದ್ದ ಮಾತ್ರ ಮಾತಾಡಲಿಲ್ಲ.
ಶ್ರಾವಣ ಹೋತು, ಎಳ್ಳಮಾಸಿ ಬಂತು.
ಅಳೂದು ನಿಂತಿತ್ತು, ಬರೇ ನೋಡ್ತಿದ್ದ:
ಒಲಿ ಮ್ಯಾಲಿನ ಬೋಗಾಣಿ,
ಚಾಪಿ ಹಾಸೋ ನೀಲವ್ವನ ಕೈ,
ನೆಲದ ಮ್ಯಾಲ ತೆವಳೋ ಬಿಸಿಲು.
ಅಂವಗೇನೂ ಹತ್ತವಲ್ದು ಅಂತ
ಅವರವ್ವನ ಮುಂದ ಒಮ್ಮೆ ಅಂದೂಬಿಟ್ಟೆ.
ಆಕಿ ಕಂಡಿಕಿ ಸುತ್ತಿ ಸವೆದ ಹೆಬ್ಬೆರಳು ನೋಡಿಕೋತ
"ಮನ್ಯಾಗ ಮಾತಾಡ್ತಾನ್ರೀ," ಅಂದ್ಲು, ಅಷ್ಟ.

ಮಾರ್ಚಿನಾಗ ಹೊಸಾದೊಂದು ಕೂಸು ಬಂತು.
ಮೂರೂ ತುಂಬಿರಲಿಲ್ಲ, ಹೆಸರು ಯಶೋಧರಿ.
ಅದs ಚೌಕಟ್ಟು, ಅದs ಹಿಡಿತ.
ಬಾಯಿ ತೆರದೆ: "ಈಗ ಬರ್…"

"ಈಗ ಬರೂದಿಲ್ಲ."

ಹಿಂದ ತಿರುಗಿ ನೋಡಿದ್ರ ಗುರಸಿದ್ದ.
ಆಕಿ ಬೆರಳು ಬಿಡಸಾಕ ಹೋಗಲಿಲ್ಲ ಅಂವ,
ಪಕ್ಕಕ್ಕ ಹೊಸ್ತಿಲ ಮ್ಯಾಲ ಕುಂತ.
"ಮೊದಲು ಹಾಡು. ಆಮ್ಯಾಲ ಉಪ್ಪಿಟ್ಟು.
ಆಮ್ಯಾಲ ಮಗ್ಗ ನಿಂದರತೈತಿ, ಅವಾಗ ಅನ್ನ.
ಆಮ್ಯಾಲ ಮಕ್ಕೋಬೇಕು, ನಿದ್ದಿ ಬರದಿದ್ರೂ ಕಣ್ಣ ಮುಚ್ಚಬೇಕು.
ಎದ್ದ ಮ್ಯಾಲ ಬಿಸಲು ಅಲ್ಲೀತನಕ ಬರತೈತಿ, ಆ ನೀರಿನ ಗಡಿಗೀತನಕ.
ಅವಾಗ ಬರ್ತಾಳ."

ಒಂದು ವರ್ಷದ್ದು ಇಡೀ ಲೆಕ್ಕ
ಒಂದ ಉಸರಿನಾಗ ಒಪ್ಪಿಸಿದ.

ಯಶೋಧರಿ ಇನ್ನಷ್ಟು ಅತ್ಲು,
ಅಳಬೇಕಾದಷ್ಟು.
ಆಮ್ಯಾಲ ಮೂಗು ಒರಸ್ಕೊಂಡು ಕೇಳಿದ್ಲು:
"ಉಪ್ಪಿಟ್ಟಿನಾಗ ಶೇಂಗಾ ಇರ್ತಾವು?"

"ಮಂಗಳವಾರ ಇರ್ತಾವು," ಅಂದ ಗುರಸಿದ್ದ.
ನನಗ ಗೊತ್ತs ಇರಲಿಲ್ಲ.
ನೀಲವ್ವ ಒಲಿ ಮುಂದ ನಗಾಕತ್ತಿದ್ಲು.